ನೀಲಿ ತುಂಬಿದ ಲಾರಿ

ಎರಡನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಚಟ್ಟ ಸಿಕ್ಕಿಕೊಂಡಿತು. ತಲೆಯ ಕಡೆಯವರು ಕೆಳಗಿಳಿದಾಗಿತ್ತು, ಕಾಲಿನ ಕಡೆಯವರು ಇನ್ನೂ ಮೇಲೆಯೇ ಇದ್ದರು. ಚಟ್ಟದ ಮೇಲಿದ್ದ ದಾಮೋದರ ಶೆಟ್ಟಿಗಾರರು ಆಚೆಯೂ ಅಲ್ಲ ಈಚೆಯೂ ಅಲ್ಲ ಎಂಬಂತೆ ಗೋಡೆಗೆ ಓರೆಯಾಗಿ ನಿಂತುಬಿಟ್ಟರು.

"ಕಾಲಿನ ಬದಿ ಮೇಲೆ ಎತ್ತಿ ಮಾರಾಯ್ರೆ, ಗೋಡೆಗೆ ತಾಗ್ತಾ ಉಂಟು," ಎಂದು ಅನಿಲ್ ರಾವ್ ಕೂಗಿದರು. ಮಣಿನಗರದಲ್ಲಿ ಉಡುಪಿ ಹೋಟೆಲು ನಡೆಸುವ ಅವರು ದಾಮೋದರರ ಹಳೆಯ ಗೆಳೆಯ. ಮದುವೆಯಾಗಲಿ ಮಸಣವಾಗಲಿ, ಅಹಮದಾಬಾದಿನ ಕರಾವಳಿಯವರ ಮನೆಗಳಲ್ಲಿ ಯಜಮಾನಿಕೆ ಯಾರೂ ಕೊಡದೆಯೇ ಅವರ ಪಾಲಿಗೆ ಬರುತ್ತಿತ್ತು.

ಎಲ್ಲರಿಗಿಂತ ಮುಂದೆ, ಕೆಂಡದ ಮಡಕೆ ಹಿಡಿದು, ಒದ್ದೆ ಪಂಚೆಯಲ್ಲಿ ಮಗ ವಿನಯ್ ನಿಂತಿದ್ದ. ಆಗ ಮೇಲಿನ ಬಾಗಿಲಿನಿಂದ ಅವನ ತಾಯಿ ಶಕುಂತಲಾ ಗೋಳಾಡಿದ್ದು ಎಲ್ಲರಿಗೂ ಕೇಳಿಸಿತು.

"ಅಯ್ಯೋ ದೇವ್ರೇ, ಆಟ ಮುಗಿಯುವ ತನಕ ಆದ್ರೂ ಅವ್ರನ್ನು ಬಿಡ್ಬಾರ್ದಿತ್ತಾ! ಇನ್ನೂ ಆಡ್ತಾ ಇದ್ರಲ್ಲ ಟಿವಿಯಲ್ಲಿ... ನಾನೇ ಬಂದ್ ಮಾಡಿದ್ನಲ್ಲ ಕೈಯಾರೆ..."

ಹೆಂಗಸರು ಅವರನ್ನು ಹಿಡಿದುಕೊಂಡರು. ದುಃಖದಲ್ಲಿ ಏನೇನೋ ಆಡುತ್ತಿದ್ದಾರೆ ಎಂದು ಪಕ್ಕದ ಮನೆಯವರು ಕಣ್ಣೊರೆಸಿಕೊಂಡರು. ವಿನಯ್ ಮಾತ್ರ ಮಡಕೆ ಹಿಡಿದೇ ಮೇಲಕ್ಕೆ ತಿರುಗಿದ.

"ಅಮ್ಮ, ಎಂತ ಹೇಳಿದ್ದು ನೀನು? ಆಟ ಮುಗ್ದಿರ್ಲಿಲ್ವಾ?"

ಮೆಟ್ಟಿಲಿನಲ್ಲಿದ್ದ ಅಷ್ಟೂ ಜನ ಅವನನ್ನು ನೋಡಿದರು. ಹೆಣ ಹೊತ್ತು ನಿಂತಿರುವಾಗ ಇದೆಂಥ ಪ್ರಶ್ನೆ?

"ಈಗ ಅದೆಲ್ಲ ಯಾಕೆ? ಇಳಿ ಕೆಳಗೆ," ಎಂದರು ಅನಿಲ್ ರಾವ್.

ವಿನಯ್ ಇಳಿದ. ಅವನ ಫೋನು ಸ್ನಾನಕ್ಕೆ ಮೊದಲೇ ಹೆಂಡತಿ ಸಂಧ್ಯಾಳ ಕೈ ಸೇರಿತ್ತು. ಅವಳು ಮೇಲೆ ಅತ್ತೆಯ ಪಕ್ಕದಲ್ಲಿದ್ದಳು, ಹೆಂಗಸರು ಸ್ಮಶಾನಕ್ಕೆ ಬರುವ ಹಾಗಿರಲಿಲ್ಲ. ಅಪ್ಪ ಬೆಳಿಗ್ಗೆ ಗೋಡೌನಿಗೆ ಫೋನು ಮಾಡಿ, ಏದುಸಿರು ಬಿಡುತ್ತ, "ವಿನೂ, ನೀಲಿ. ನೀಲಿ ತುಂಬ್ಸು," ಎಂದಿದ್ದರು. ಅವನು ಲಾರಿಗೆ ನೀಲಿ ಶರ್ಟು ತುಂಬಿಸಿ ಕಳಿಸಿದ. ಕೆಂಪನ್ನು ಕತ್ತರಿಸಿಹಾಕಲು ಹೇಳಿದ. ಸ್ವಲ್ಪ ಹೊತ್ತಿಗೆ ಅಮ್ಮನ ಫೋನು ಬಂತು, ಅವನು ಓಡಿ ಬಂದ. ಆಟ ಮುಗಿಯದೆ ಅಪ್ಪ ನೀಲಿ ಎಂದಿದ್ದರೆ? ಗೆದ್ದದ್ದು ಕೆಂಪಾಗಿದ್ದರೆ?

*

ಅಹಮದಾಬಾದಿನ ಅಂಚಿನ ವಟ್ವಾದ ಬನಿಯನ್ ಕಾರ್ಖಾನೆಯೊಂದರಲ್ಲಿ ದಾಮೋದರರು ಮಾಲು ರವಾನಿಸುವ ಕೆಲಸಕ್ಕೆ ಸೇರಿದ್ದು ವಿನಯ್ ಹುಟ್ಟುವ ಮೊದಲು. ಊರಿನಿಂದ ಬಂದವರು ಮೊದಲು ಅನಿಲ್ ರಾಯರ ತಂದೆಯ ಹೋಟೆಲಿನಲ್ಲಿ ಟೇಬಲ್ ಒರೆಸಿದರು, ಆಮೇಲೆ ಬಟ್ಟೆಗೆ ಬಣ್ಣ ಹಾಕುವ ಕೆಲಸ ಕಲಿತರು. ನೇಯ್ಗೆಯವರ ಮನೆತನ, ಬಟ್ಟೆ ಮುಟ್ಟಿದರೆ ಕೈಗೆ ಸಮಾಧಾನ ಎನ್ನುತ್ತಿದ್ದರು. ಕಾರ್ಖಾನೆಗೆ ಅಮೇರಿಕದ ಗಿರಾಕಿ ಸಿಕ್ಕಿದ ಮೇಲೆ ಅವರ ವರ್ಷವೇ ಬೇರೆಯಾಯಿತು. ದಸರಾ ದೀಪಾವಳಿಯ ಹೊತ್ತಿಗೆ ಬೇಸ್‌ಬಾಲ್ ಶರ್ಟು, ಚಳಿ ಇಳಿಯುವಾಗ ಫುಟ್‌ಬಾಲ್, ಸೆಕೆಗಾಲದಲ್ಲಿ ಬಾಸ್ಕೆಟ್‌ಬಾಲ್. ಪಂಚಾಂಗ ನೋಡುವವರು ನೋಡಿಕೊಳ್ಳಲಿ, ದಾಮೋದರರಿಗೆ ಅಮೇರಿಕದವರ ಆಟವೇ ತಿಂಗಳು ಹೇಳುತ್ತಿತ್ತು.

ಫೈನಲ್ಲಿಗೆ ಎರಡೂ ತಂಡದ ಹೆಸರಿನಲ್ಲಿ 'ಚಾಂಪಿಯನ್' ಎಂದು ಶರ್ಟು ಮುದ್ರಿಸಿ ಇಡಬೇಕು. ಆಟ ಮುಗಿದ ಕೂಡಲೇ ಗೆದ್ದವರ ಶರ್ಟು ವಿಮಾನ ಹತ್ತಬೇಕು. ಸೋತವರದ್ದನ್ನು ಒಂದೂ ಹೊರಗೆ ಹೋಗದ ಹಾಗೆ ಕತ್ತರಿಸಬೇಕು.

"ಅಷ್ಟು ಒಳ್ಳೇ ಬಟ್ಟೆ! ಯಾರಾದ್ರೂ ಬಡವರಿಗೆ ಕೊಡ್ಬಾರ್ದಾ?" ಎಂದು ಶಕುಂತಲಾ ಕೇಳಿದ್ದರು.

"ಕೊಡ್ಲಿಕ್ಕಿಲ್ಲ. ಸೋತ ಊರಿನ ಮಾನ ಅದು," ಎಂದಿದ್ದರು ದಾಮೋದರರು. "ಅಲ್ಲಿ ಅಜ್ಜ, ಅಪ್ಪ, ಮೊಮ್ಮಗ ಎಲ್ಲ ಹುಟ್ಟಿದಂದಿನಿಂದ ಒಂದೇ ತಂಡಕ್ಕೆ. ಫುಟ್‌ಬಾಲ್ ಫೈನಲಿನ ದಿವಸ ದೇಶಕ್ಕೆ ದೇಶವೇ ಟಿವಿ ಮುಂದೆ ಕೂತ್ಕೊಳ್ತದೆ. ಆಟ ತಿಳಿಯದವರು ಜಾಹೀರಾತಾದ್ರೂ ನೋಡ್ತಾರಂತೆ. ಗೆದ್ದ ಊರಿನವರು ಆ ಬಿಸಿ ಆರುವ ಮೊದಲೇ ಅದೇ ಶರ್ಟಲ್ಲಿ ಆಫೀಸಿಗೆ, ಶಾಲೆಗೆ ಹೋಗುದು. ವಾರ ಬಿಟ್ಟು ಸಿಕ್ಕಿದ್ರೆ ಎಂತ ಮಾಡ್ಲಿಕ್ಕೆ? ಮದುವೆ ಸೀರೆ ಮದುವೆಯ ದಿನವೇ ಬೇಕಲ್ಲ."

ಹೀಗೆ ಹೇಳುತ್ತಲೇ ಅವರು ಆಟ ಕಲಿತುಬಿಟ್ಟರು. ವರ್ಷಕ್ಕೊಂದು ಸೋಮವಾರ ನಸುಕಿನಲ್ಲಿ, ಅಲ್ಲಿ ಇನ್ನೂ ಭಾನುವಾರ ಸಂಜೆಯಾಗಿರುವಾಗ, ಎದ್ದು ಟಿವಿ ಹಚ್ಚುವುದು, ಪಕ್ಕದಲ್ಲಿ ಕಾಫಿ. "ಹೆಸರು ಫುಟ್‌ಬಾಲು, ಹಿಡಿಯುದು ಕೈಯಲ್ಲಿ. ಎರಡು ಹೆಜ್ಜೆ ಓಡುದು, ನಿಲ್ಲುದು, ಸಿಟಿ ಬಸ್ಸಿನ ಹಾಗೆ," ಎಂದು ನಗುತ್ತಿದ್ದರು. ನಗುತ್ತಿದ್ದರೂ ಕಣ್ಣು ಕೀಳುತ್ತಿರಲಿಲ್ಲ. ಗೋಡೌನಿನಲ್ಲಿ ಬೇರೆ ಯಾರೂ ಆ ಆಟ ನೋಡಿದವರಲ್ಲ, ತಂಡಗಳ ಹೆಸರೂ ಯಾರ ಬಾಯಲ್ಲಿ ತಿರುಗುತ್ತಿರಲಿಲ್ಲ. ಎಲ್ಲರಿಗೂ ಅವು ನೀಲಿ, ಕೆಂಪು, ಹಸಿರು. ದಾಮೋದರ್‌ಭಾಯಿ ಬಣ್ಣ ಹೇಳಿದರೆ ಮುಗಿಯಿತು, ಫೋನಿನಲ್ಲಿ ಮತ್ತೊಮ್ಮೆ ನೋಡುವ ರೂಢಿಯೇ ಇರಲಿಲ್ಲ.

ವಿನಯ್ ಕೆಲಸಕ್ಕೆ ಸೇರಿದ ಮೊದಲ ವರ್ಷ, ಅಪ್ಪ ಫೋನಿನಲ್ಲಿ ಹೇಳಿದ ಸ್ಕೋರು ಕೇಳಿ, "ಪಪ್ಪಾ, ಅವರು ಅಷ್ಟು ಮುಂದೆ ಇದಾರೆ, ಲಾರಿ ಬಿಡುವ," ಎಂದಿದ್ದ.

"ಮೇಲಿನಿಂದ ಬಣ್ಣದ ಕಾಗದದ ಚೂರು ಸುರೀತಾರೆ ನೋಡು, ಆಮೇಲೆ ಬಿಡುದು. ಅಲ್ಲಿವರೆಗೆ ಯಾರೂ ಗೆದ್ದಿಲ್ಲ."

ಆ ವರ್ಷ ಮುಂದಿದ್ದವರೇ ಗೆದ್ದರು. ಕಾದದ್ದರಿಂದ ಏನೂ ಲಾಭವಾಗಲಿಲ್ಲ. ದಾಮೋದರರು ಮರುವರ್ಷವೂ ಕಾದರು.

*

ಶವವಾಹಿನಿಯಲ್ಲಿ ಹೆಣದ ಎರಡೂ ಬದಿಗೆ ಬೆಂಚು. ವಿನಯನ ಪಕ್ಕದಲ್ಲಿ ಅನಿಲ್ ರಾವ್, ಎದುರಿಗೆ ಬಿಲ್ಡಿಂಗಿನ ಗುಜರಾತಿ ನೆರೆಯವರು, ಬಿಳಿ ಅಂಗಿಯಲ್ಲಿ. "ರಾಮ್ ಬೋಲೋ ಭಾಯಿ ರಾಮ್" ಎಂದು ಒಬ್ಬರು ಹೇಳಿದರೆ ಉಳಿದವರು ದನಿಗೂಡಿಸುತ್ತಿದ್ದರು. ವಿನಯ್ ಬಾಯಿ ಆಡಿಸುತ್ತಿದ್ದ. ಅವನ ತಲೆಯಲ್ಲಿ ನೀಲಿ ತುಂಬಿದ ಲಾರಿ ವಿಮಾನ ನಿಲ್ದಾಣದ ದಾರಿಯಲ್ಲಿ ಓಡುತ್ತಿತ್ತು.

"ಅಂಕಲ್, ಒಂದು ಮಿನಿಟ್ ನಿಮ್ಮ ಫೋನ್ ಕೊಡಿ."

"ಯಾರಿಗೆ?"

"ಯಾರಿಗೂ ಅಲ್ಲ. ಅಮೇರಿಕದ ಮ್ಯಾಚ್ ಯಾರು ಗೆದ್ದದ್ದು ಅಂತ ನೋಡ್ಬೇಕು."

ಅನಿಲ್ ರಾಯರ ಮುಖ ಕೆಂಪಾಯಿತು. ಅವರು ಅವನ ಕಿವಿಯ ಹತ್ತಿರ ಬಗ್ಗಿದರು.

"ಸಟ್ಟಾ ಆಡ್ತೀಯಾ ನೀನು? ಅಪ್ಪನ ತಲೆ ನಿನ್ನ ಮೊಣಕಾಲಿಗೆ ತಾಗ್ತಾ ಉಂಟು, ನಿಂಗೆ ಬೆಟ್ಟಿಂಗಾ? ನಾಚಿಕೆ ಆಗುದಿಲ್ವಾ?"

"ಸಟ್ಟಾ ಅಲ್ಲ ಅಂಕಲ್..."

ಮೆಲ್ಲಗೆ ಹೇಳಿದ್ದರೂ ಸಟ್ಟಾ ಎಂಬ ಮಾತಿಗೆ ಎದುರಿನ ನೆರೆಯವರಲ್ಲೊಬ್ಬರ ಕಿವಿ ನೆಟ್ಟಗಾಯಿತು. "ಕೌನ್ಸಿ ಮ್ಯಾಚ್?" ಎಂದು ಕೇಳಿಯೂ ಬಿಟ್ಟರು. ಅನಿಲ್ ರಾವ್ ದುರುಗುಟ್ಟಿ ನೋಡಿದ ಮೇಲೆ ಅವರು ಎಲ್ಲರಿಗಿಂತ ಗಟ್ಟಿಯಾಗಿ ರಾಮನ ಹೆಸರು ಹೇಳಿದರು.

ಸ್ಮಶಾನದಲ್ಲಿ ಇವರಿಗಿಂತ ಮೊದಲು ಇನ್ನೊಂದು ಹೆಣವಿತ್ತು, ಕಾಯಬೇಕಾಯಿತು. ಬೇವಿನ ಮರದ ಕೆಳಗೆ ವಿನಯ್ ಹಿಂದಿ ಬೆರೆತ ತನ್ನ ಮುರುಕು ಕನ್ನಡದಲ್ಲಿ ಎಲ್ಲವನ್ನೂ ಅನಿಲ್ ರಾಯರಿಗೆ ಹೇಳಿದ. ತಪ್ಪು ಮಾಲು ಹೋದರೆ ಗಿರಾಕಿ ಕೈಬಿಡುತ್ತಾನೆ. ಆ ಗಿರಾಕಿ ಹೋದರೆ ಅರ್ಧ ಕಾರ್ಖಾನೆ ಮುಚ್ಚಿದ ಹಾಗೆ.

"ದಾಮು ಹೇಳಿದ್ದು ತಪ್ಪಾಗ್ಲಿಕ್ಕೆ ಸಾಧ್ಯವೇ ಇಲ್ಲ," ಎಂದರು ಅನಿಲ್ ರಾವ್. ಆದರೂ ಕನ್ನಡಕ ಹುಡುಕಿ ಹಾಕಿಕೊಂಡು, ಫೋನು ತೆಗೆದು ಅವನ ಕೈಗೇ ಕೊಟ್ಟರು.

ಹೆಸರು ಓದುವ ಅಗತ್ಯವೇ ಬೀಳಲಿಲ್ಲ. ಮೊದಲು ಬಂದದ್ದೇ ಚಿತ್ರ. ಮೈದಾನದ ತುಂಬ ಕಾಗದದ ಚೂರು ಸುರಿಯುತ್ತಿತ್ತು. ಅದರ ಕೆಳಗೆ ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿಯುತ್ತಿದ್ದವರು ಕೆಂಪು ಅಂಗಿಯವರು.

ವಿನಯ್ ಚಿತ್ರದ ಕೆಳಗಿನ ಸಾಲು ಓದಿದ. ನೀಲಿಯವರು ಕೊನೆಯವರೆಗೆ ಮುಂದಿದ್ದರಂತೆ, ಕೊನೆಗಳಿಗೆಯಲ್ಲಿ ಆಟ ತಿರುಗಿತಂತೆ.

ವಿನಯ್ ಬಾಯಿಪಾಠವಿದ್ದ ನಂಬರು ಒತ್ತಿ ಲಾರಿ ಓಡಿಸುವ ಯಾಕುಬ್‌ಭಾಯಿಗೆ ಫೋನು ಹಚ್ಚಿದ. ರಿಂಗಾಗಿ ರಿಂಗಾಗಿ ನಿಂತಿತು. ಕತ್ತರಿಸುವ ಯಂತ್ರದ ಜಶುಭಾಯಿಗೆ ಮಾಡಿದ. ಸ್ವಿಚ್ ಆಫ್. ಮತ್ತೆ ಯಾಕುಬ್‌ಭಾಯಿ. ಇಷ್ಟು ಹೊತ್ತಿಗೆ ಜಶುಭಾಯಿ ಅರ್ಧ ಕೆಂಪನ್ನು ಚಿಂದಿ ಮಾಡಿರಬೇಕು, ಲಾರಿ ಕಾರ್ಗೋ ಗೇಟು ಮುಟ್ಟಿರಬೇಕು.

"ಮಾಲೀಕರಿಗೆ ಹೇಳುವ. ಮಂಥನ್‌ಭಾಯಿ ನಂಬರ್ ಹೇಳು," ಎಂದರು ಅನಿಲ್ ರಾವ್.

"ಬೇಡ ಅಂಕಲ್." ವಿನಯ್ ಫೋನನ್ನು ಎದೆಗೆ ಒತ್ತಿಕೊಂಡ. "ಅವರಿಗೆ ಹೇಳಿದ್ರೆ ನಾಳೆ ವಟ್ವಾದಲ್ಲೆಲ್ಲ ಅದೇ ಮಾತು. ದಾಮೋದರ್‌ಭಾಯಿ ಲಾಸ್ಟ್ ಮಾಲು ಗಲತ್ ಕಳ್ಸಿದ್ರು ಅಂತ."

"ಹೇಳದಿದ್ರೆ?"

ಅಷ್ಟರಲ್ಲಿ ಒಳಗಿನಿಂದ ಕರೆದರು. "ಮಗ ಯಾರು? ಬನ್ನಿ."

*

ಬಾಯಿಗೆ ಅಕ್ಕಿ ಹಾಕುವಾಗ ವಿನಯ್ ಅಪ್ಪನ ಮುಖ ನೋಡಿದ. ಬೆಳಗಿನಿಂದ ಮುಖದ ಎದುರಿಗೇ ಇದ್ದವನು ಈಗ ಮೊದಲ ಸಲ ಸರಿಯಾಗಿ ನೋಡುತ್ತಿದ್ದಾನೆ ಎನಿಸಿ ನಾಚಿಕೆಯಾಯಿತು. ಹೆಗಲ ಮೇಲೆ ನೀರಿನ ಮಡಕೆ ಇಟ್ಟರು. ಸುತ್ತು ಬರುವಾಗ ಹಿಂದಿನ ತೂತಿನಿಂದ ನೀರು ಬೆನ್ನ ಮೇಲೆ ಇಳಿಯಿತು. ಅವನಿಗೆ ಅಳುವಿನ ಬದಲು ಸಿಟ್ಟು ಬರುತ್ತಿತ್ತು. ಯಾಕೆ ಅವಸರ ಮಾಡಿದಿರಿ ಪಪ್ಪಾ? ಯಾವತ್ತೂ ಕಾದವರು ಇವತ್ತೊಂದು ದಿನ ಯಾಕೆ ಕಾಯಲಿಲ್ಲ?

ಮಡಕೆ ಬಿದ್ದು ಒಡೆಯಿತು. ಆ ಸದ್ದಿಗೆ, ಬೆಳಗಿನ ಆ ಏದುಸಿರು ಮತ್ತೆ ಕಿವಿಯಲ್ಲಿ ಕೇಳಿದ ಹಾಗಾಯಿತು. ಇನ್ನು ಕಾಯುವಷ್ಟು ಹೊತ್ತಿಲ್ಲ ಎಂದು ಅಪ್ಪನಿಗೆ ಗೊತ್ತಾಗಿಹೋಗಿತ್ತು. ಗೊತ್ತಾದ ಮೇಲೆ ಆ ಮನುಷ್ಯ ಅಡುಗೆಮನೆಯಲ್ಲಿದ್ದ ಹೆಂಡತಿಯನ್ನು ಕರೆಯಲಿಲ್ಲ, ಆಂಬ್ಯುಲೆನ್ಸ್ ಎನ್ನಲಿಲ್ಲ. ಗೋಡೌನಿನಲ್ಲಿ ಮಗ ಬಣ್ಣ ತಿಳಿಯದೆ ನಿಂತಿದ್ದಾನೆಂದು ಅವನಿಗೆ ಫೋನು ಮಾಡಿದರು. ಕಣ್ಣಿಗೆ ಕಂಡಷ್ಟು ಆಟ ನೋಡಿ, ಕಂಡ ಬಣ್ಣ ಹೇಳಿದರು.

ಗ್ಯಾಸಿನ ಕುಲುಮೆಯ ಬಾಗಿಲು ಮುಚ್ಚಿಕೊಂಡಿತು. ವಿನಯ್ ಆಗ ಬಿಕ್ಕಿ ಬಿಕ್ಕಿ ಅತ್ತ. ಅನಿಲ್ ರಾವ್ ಅವನ ಭುಜ ಹಿಡಿದು, ಹಿಂದೆ ತಿರುಗಿ ನೋಡಬಾರದೆಂದು ಹೇಳಿ, ಹೊರಗೆ ಕರೆತಂದರು.

"ಅಂಕಲ್, ನಂಬರ್ ಹೇಳ್ತೇನೆ, ಬರ್ಕೊಳ್ಳಿ. ಮಂಥನ್‌ಭಾಯಿಗೆ ನಾನೇ ಹೇಳ್ತೇನೆ," ಎಂದ ವಿನಯ್. ಎಷ್ಟೋ ಜನರ ಊಟದ ಪ್ರಶ್ನೆ, ಇನ್ನು ಮುಚ್ಚಿಡುವ ಹಾಗಿರಲಿಲ್ಲ.

ನಂಬರು ಅರ್ಧ ಹೇಳಿದ್ದನೋ ಇಲ್ಲವೋ, ಗೇಟಿನ ಆಚೆ ಅವನಿಗೆ ಲಾರಿ ಕಂಡಿತು. ತಾಡಪಾಲು ಬಿಗಿದು, ಹಗ್ಗ ಕಟ್ಟಿ, ತುಂಬಿಸಿದ್ದು ತುಂಬಿಸಿದ ಹಾಗೆಯೇ ನಿಂತಿತ್ತು. ಈಚೆಯ ನಲ್ಲಿಯ ಹತ್ತಿರ ಕಾರ್ಖಾನೆಯವರೆಲ್ಲ ಕೈಕಾಲು ತೊಳೆಯುತ್ತಿದ್ದರು. ಮುದ್ರಣದವರು, ಹೊಲಿಗೆಯವರು, ಇಸ್ತ್ರಿಯವರು. ಅವರ ನಡುವೆ ಯಾಕುಬ್‌ಭಾಯಿ, ಪಕ್ಕದಲ್ಲಿ ಜಶುಭಾಯಿ. ಅಷ್ಟು ಹೊತ್ತೂ ಅವರೆಲ್ಲ ಹಿಂದಿನ ಸಾಲಿನಲ್ಲಿ ನಿಂತಿದ್ದರು.

ವಿನಯ್ ಓಡಿದ. "ಯಾಕುಬ್‌ಭಾಯಿ, ಫೋನ್ ಯಾಕೆ ತೆಗೀಲಿಲ್ಲ?" ಎಂದು ಹಿಂದಿಯಲ್ಲಿ ಕೇಳಿದ.

"ಫೋನು ಲಾರಿಯಲ್ಲಿತ್ತು ಬೇಟಾ. ಇಂಥ ಜಾಗಕ್ಕೆ ಯಾರಾದರೂ ಫೋನು ತರುತ್ತಾರಾ?" ಯಾಕುಬ್‌ಭಾಯಿ ಕಣ್ಣೊರೆಸಿಕೊಂಡರು. "ಅರ್ಧ ದಾರಿಯಲ್ಲಿ ಸುದ್ದಿ ಸಿಕ್ಕಿತು. ಅವರ ಮುಖ ನೋಡದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ, ತಿರುಗಿಸಿದೆ. ಚಿಂತೆ ಮಾಡಬೇಡ, ಇನ್ನೂ ಹೊತ್ತಿದೆ, ಮುಟ್ಟಿಸುತ್ತೇನೆ."

"ಜಶುಭಾಯಿ, ಕೆಂಪು?"

ಜಶುಭಾಯಿ ಬೈಗುಳಕ್ಕೆ ಸಿದ್ಧರಾದವರಂತೆ ತಲೆ ತಗ್ಗಿಸಿದರು. "ಒಂದೂ ಕತ್ತರಿಸಿಲ್ಲ. ದಾಮೋದರ್‌ಭಾಯಿ ಹೋದ ದಿನ ಯಂತ್ರ ಹೇಗೆ ಓಡಿಸಲಿ? ಎಲ್ಲ ಬಂದ್ ಮಾಡಿ ಬಂದೆವು. ನಾಳೆ ಬೆಳಿಗ್ಗೆ ಮೊದಲು ಅದೇ ಕೆಲಸ."

ವಿನಯ್ ಜಶುಭಾಯಿಯ ಎರಡೂ ಕೈ ಹಿಡಿದುಕೊಂಡ.

"ಕತ್ತರಿಸಬೇಡಿ. ಈಗಲೇ ವಾಪಸ್ ಹೋಗಿ ನೀಲಿ ಇಳಿಸಬೇಕು. ಕೆಂಪು ತುಂಬಬೇಕು. ಗೆದ್ದದ್ದು ಕೆಂಪು."

ಎಲ್ಲರೂ ಹತ್ತಿರ ಬಂದರು. ಯಾಕುಬ್‌ಭಾಯಿ ಹುಬ್ಬು ಗಂಟಿಕ್ಕಿದರು. "ದಾಮೋದರ್‌ಭಾಯಿ ನೀಲಿ ಎಂದರು ಅಂತ ನೀನೇ ಹೇಳಿದೆಯಲ್ಲ?"

ವಿನಯ್ ಅವರೆಲ್ಲರ ಮುಖ ನೋಡಿದ. ಅರ್ಧ ದಿನದ ಕೂಲಿ ಬಿಟ್ಟು ಬಂದ ಜನ.

"ಪಪ್ಪಾ ಕೆಂಪು ಅಂತಲೇ ಹೇಳಿದ್ದು," ಎಂದ. "ನಾನು ಗಡಿಬಿಡಿಯಲ್ಲಿ ನೀಲಿ ತುಂಬಿಸಿದೆ."

ಯಾಕುಬ್‌ಭಾಯಿ ಹಣೆ ಚಚ್ಚಿಕೊಂಡರು. "ಇಷ್ಟು ವರ್ಷದಲ್ಲಿ ಆ ಮನುಷ್ಯ ಒಂದು ಪೆಟ್ಟಿಗೆ ತಪ್ಪು ಕಳಿಸಿದವರಲ್ಲ. ನೀನು ಅವರು ಹೋದ ದಿನವೇ ಹೀಗೆ ಮಾಡಿದೆಯಲ್ಲ! ಅವರ ಮಗನಾಗಿ!"

ಹಿಂದೆ ನಿಂತಿದ್ದ ಅನಿಲ್ ರಾವ್ ಏನೋ ಹೇಳಲು ಬಾಯಿ ತೆರೆದರು. ವಿನಯ್ ಅವರನ್ನೇ ನೋಡುತ್ತಿದ್ದ. ಅವರು ಬಾಯಿ ಮುಚ್ಚಿದರು. ಫೋನನ್ನು ಜೇಬಿಗೆ ಹಾಕಿಕೊಂಡು ಮುಂದೆ ಬಂದು, ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿದ್ದ ಅವನ ಎದುರಿಗೆ ತಮ್ಮ ಚಪ್ಪಲಿ ಕಳಚಿಟ್ಟರು.

"ಹಾಕ್ಕೊಂಡು ಹೋಗು. ಮನೆಯಲ್ಲಿ ನಾನು ಹೇಳ್ತೇನೆ."

ಲಾರಿ ವಟ್ವಾದ ಕಡೆಗೆ ತಿರುಗಿತು. ಯಾಕುಬ್‌ಭಾಯಿ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು, ಇನ್ನೊಂದು ಕೈ ಬೀಸುತ್ತ ಬೈಯುತ್ತಲೇ ಇದ್ದರು. ಪಕ್ಕದಲ್ಲಿ ಒದ್ದೆ ಪಂಚೆಯಲ್ಲಿ ಕೂತ ವಿನಯ್ ಪ್ರತಿ ಮಾತಿಗೂ ಹೌದು ಹೌದೆಂದು ತಲೆಯಾಡಿಸುತ್ತಿದ್ದ.