ಹನ್ನೆರಡು ದಿನದ ಮಾತು

ರಾತ್ರಿ ಹನ್ನೊಂದೂವರೆಗೆ ಮೊಬೈಲು ಟಿಣ್ ಎಂದಿತು. ಮಗಳು ನಿದ್ದೆಯಲ್ಲೇ ಮಗ್ಗುಲು ಬದಲಿಸಿದಳು. ನಾನು ಕಾಯುತ್ತಿದ್ದ ಕೊನೆಯ ಅರ್ಜಿ ಅದು.

ನಮ್ಮ ಕಂಪನಿ ಇಯರ್‌ಫೋನ್ ತಯಾರಿಸುತ್ತದೆ. ಬಿಡಿಭಾಗ ಪೂರೈಸುವ ನಲವತ್ತು ಮಂದಿಯನ್ನು ಹದಿನೈದಕ್ಕೆ ಇಳಿಸಬೇಕೆಂದು ಮೇಲಿನವರು ತೀರ್ಮಾನಿಸಿದ್ದಾರೆ. ಆರ್ಡರ್ ಕೊಟ್ಟ ಹತ್ತು ದಿನದೊಳಗೆ ಮಾಲು ತಲುಪಿಸಲಾಗದವರನ್ನು ಕಂಪ್ಯೂಟರೇ ಕೈಬಿಡುತ್ತದೆ. ಪಟ್ಟಿ ತುಂಬುವವಳು ನಾನು. ಇವತ್ತು ರಾತ್ರಿ ಹನ್ನೆರಡು ಗಂಟೆಗೆ ಅದು ಮುಚ್ಚುತ್ತದೆ.

ಅರ್ಜಿ ಆಫೀಸಿನಲ್ಲಿ ನಾವೆಲ್ಲ ಸ್ಪ್ರಿಂಗಕ್ಕ ಎಂದು ಕರೆಯುವವರದು. ಇಯರ್‌ಫೋನ್ ಡಬ್ಬಿಯ ಮುಚ್ಚಳಕ್ಕೆ ಬೇಕಾದ ಪುಟಾಣಿ ಸ್ಪ್ರಿಂಗುಗಳನ್ನು ಆರು ಹೆಂಗಸರನ್ನಿಟ್ಟುಕೊಂಡು ಸುತ್ತಿಸುತ್ತಾರೆ. ನಮ್ಮನ್ನು ಬಿಟ್ಟರೆ ಅವರಿಗೆ ಬೇರೆ ಗಿರಾಕಿಯಿಲ್ಲ. ಎಷ್ಟು ದಿನ ಬೇಕು ಎಂಬಲ್ಲಿ ಹನ್ನೆರಡು ಎಂದು ಬರೆದಿದ್ದರು.

ಹಾಗೇ ತುಂಬಿದರೆ ಅವರ ಹೆಸರು ಹೋಗುತ್ತದೆ ಎಂದು ಭಯವಾಯಿತು. ಹಳೆಯ ದಾಖಲೆ ತೆಗೆದು ನೋಡಿದೆ. ಮೂರು ವರ್ಷದಲ್ಲಿ ಅವರ ಮಾಲು ಒಮ್ಮೆಯೂ ಒಂಬತ್ತು ದಿನ ದಾಟಿರಲಿಲ್ಲ. ಅಡುಗೆಮನೆಗೆ ಹೋಗಿ, ಬಾಗಿಲು ಮುಂದೆ ಮಾಡಿ, ಫೋನ್ ಮಾಡಿದೆ.

"ಅಕ್ಕಾ, ಒಂಬತ್ತು ಅಂತ ಬರೀರಿ."

"ತಂತಿ ಬರೋದು ತಡ ಆದ್ರೆ? ನಾನು ಯಾವತ್ತೂ ಮೂರು ದಿನ ಸೇರಿಸೇ ಹೇಳೋದು. ಬೇಗ ಕೊಟ್ರೆ ಯಾರೂ ಬೈಯಲ್ಲ."

"ಇಷ್ಟು ವರ್ಷದಲ್ಲಿ ಯಾವತ್ತು ತಡ ಆಗಿದೆ?"

"ಸೇರಿಸಿ ಹೇಳ್ತೀನಲ್ಲ, ಅದಕ್ಕೇ ಆಗಿಲ್ಲ."

ಆ ಭಯದಲ್ಲೂ ನಗು ಬಂತು. "ಹತ್ತು ದಾಟಿದ್ರೆ ಕತ್ತರಿ ಅಕ್ಕಾ. ನಿಮ್ಮ ಹೆಸರೇ ಇರಲ್ಲ."

"ಆರು ಮನೆ ಒಲೆ ಇದ್ರಿಂದ ಉರಿಯುತ್ತೆ, ಗೊತ್ತಮ್ಮಾ. ಆದ್ರೆ ನಡೆಸಿಕೊಡ್ತೀನೋ ಇಲ್ವೋ ಅನ್ನೋ ಮಾತನ್ನ ಕೈಯಾರೆ ಬರೆದು ಕೊಡೋಕೆ ನನ್ನಿಂದ ಆಗಲ್ಲ. ನೀನು ಮಲಗು, ನಾಳೆ ಆಫೀಸಿದೆ." ಫೋನ್ ಇಟ್ಟುಬಿಟ್ಟರು.

ಹನ್ನೆರಡಕ್ಕೆ ಆರು ನಿಮಿಷವಿತ್ತು. ಅವರು ಕೊಟ್ಟ ಮಾತು ಹನ್ನೆರಡು, ನಡೆಸಿದ್ದು ಒಂಬತ್ತು. ನನ್ನ ಪಟ್ಟಿಯಲ್ಲಿ ಇದ್ದದ್ದು ಒಂದೇ ಖಾನೆ. ಒಂಬತ್ತು ಎಂದು ಒತ್ತಿದೆ. ಸೇರಿಸಲಾಗಿದೆ ಎಂದು ಪರದೆ ಹೇಳಿತು.

ಇನ್ನು ಮುಂದೆ ಎಲ್ಲೋ ತಂತಿಯ ಲಾರಿ ಕೆಟ್ಟು ನಿಂತರೂ ನನ್ನ ಕೆಲಸಕ್ಕೇ ಕುತ್ತು. ಮ್ಯಾನೇಜರಿಗೆ ಹೇಳುವಂತಿಲ್ಲ. ಗಂಡನಿಗೆ ಹೇಳಿದರೆ ಅವರೂ ನಿದ್ದೆಗೆಡುತ್ತಾರೆ. ಸ್ಪ್ರಿಂಗಕ್ಕನಿಗೆ ಹೇಳಿದರಂತೂ ಮುಗಿಯಿತು. ಬೆಳಿಗ್ಗೆ ಆಫೀಸಿಗೇ ಬಂದು, ಎಲ್ಲರೆದುರು ನಿಂತು, ಹನ್ನೆರಡು ಎಂದು ತಿದ್ದಿಸಿಯೇ ಹೋಗುತ್ತಾರೆ.

ಯಾರಿಗೂ ಹೇಳುವುದು ಬೇಡ ಎಂದುಕೊಂಡೆ.