ಬಿತ್ತನೆ ಜೋಳ

ಸತ್ತ ಕೋಳಿಯ ಕಾಲು ಹಿಡಿದು ಪಶು ಡಾಕ್ಟರು ತಲೆ ಎತ್ತಿದಾಗ ಮಾದಮ್ಮ ಅವರ ಮುಖವನ್ನೇ ನೋಡುತ್ತಿದ್ದಳು. ಇಪ್ಪತ್ತು ಮೊಟ್ಟೆ ಕೋಳಿಗಳಲ್ಲಿ ನಿನ್ನೆಯಿಂದ ಇದು ನಾಲ್ಕನೆಯದು. ಉಳಿದವು ರೆಕ್ಕೆ ಜೋಲುಬಿಟ್ಟು ಮೂಲೆಯಲ್ಲಿ ತೂಕಡಿಸುತ್ತಿದ್ದವು.

ಡಾಕ್ಟರು ಗೂಡಿನೊಳಗೆ ಬಗ್ಗಿದವರೇ ಮೂಗು ಮುಚ್ಚಿಕೊಂಡರು. ಮಳೆ ಎರಚಲು ಬಾರದಂತೆ ಮಾದಮ್ಮ ನಾಲ್ಕೂ ಕಡೆ ಟಾರ್ಪಾಲು ಬಿಗಿದಿದ್ದಳು. ಕೆಳಗೆ ಹರಡಿದ್ದ ಭತ್ತದ ಹೊಟ್ಟು ಒದ್ದೆಯಾಗಿ ಕಣ್ಣು ಉರಿಯುವಷ್ಟು ಘಾಟು. ಗಾಳಿಯಿಲ್ಲದೆ ಮನುಷ್ಯರೇ ಬದುಕಲ್ಲ, ಕೋಳಿ ಬದುಕುತ್ತವೆಯೇ ಎಂದು ಬೈದರು. ಬೈಸಿಕೊಂಡು ಅಷ್ಟು ಸಮಾಧಾನಪಟ್ಟ ಹೆಂಗಸು ಮಗ್ಗೆ ಊರಲ್ಲೇ ಇನ್ನೊಬ್ಬಳಿರಲಿಕ್ಕಿಲ್ಲ. ತಪ್ಪು ಗೂಡಿನದೇ ಆಗಿಬಿಡಲಿ ಎಂದು ಅವಳು ಕಂಡ ದೇವರಿಗೆಲ್ಲ ಮನಸ್ಸಿನಲ್ಲೇ ಕೈಮುಗಿದಳು.

ತಿನ್ನಲು ಏನು ಹಾಕುತ್ತೀರಿ ಎಂದು ಕೇಳಿದ್ದಕ್ಕೆ ಜೋಳದ ನುಚ್ಚು ಅಂದಳು. ಸುಳ್ಳೇನಲ್ಲ. ಆದರೆ ಅದು ಬಿತ್ತಿ ಉಳಿದಿದ್ದ, ಹುಳ ಹಿಡಿಯದಂತೆ ಔಷಧಿ ಹಚ್ಚಿ ಕೆಂಪಾಗಿದ್ದ ಜೋಳ. ಚೆಲ್ಲಲು ಮನಸ್ಸಾಗದೆ ಮೂರು ನೀರಲ್ಲಿ ತೊಳೆದು, ಒಣಗಿಸಿ, ಒಡೆಸಿ ಹಾಕಿದ್ದಳು. ಬಣ್ಣ ಹೋದರೆ ವಿಷವೂ ಹೋಯಿತು ಎಂದುಕೊಂಡಿದ್ದಳು. ನಿನ್ನೆ ಮೊದಲ ಕೋಳಿ ಬಿದ್ದಾಗಿನಿಂದ ಆ ಜೋಳದ ಚೀಲದ ಕಡೆಗೇ ಕಣ್ಣು ಹೋಗುತ್ತಿತ್ತು.

ಅಷ್ಟರಲ್ಲಿ ಆರು ತಿಂಗಳ ಬಸುರಿ ಸೊಸೆ ಚೈತ್ರಶ್ರೀ ಬೇಯಿಸಿದ ಮೊಟ್ಟೆ ಸುಲಿಯುತ್ತ ಬಾಗಿಲಿಗೆ ಬಂದಳು. ಮೊಟ್ಟೆ ಅಂದರೆ ಮುಖ ಸಿಂಡರಿಸುತ್ತಿದ್ದವಳಿಗೆ, ಮಗು ಗಟ್ಟಿಯಾಗಲಿ ಎಂದು ಪುಸಲಾಯಿಸಿ, ದಿನಕ್ಕೆರಡು ತಿನ್ನುವ ಅಭ್ಯಾಸ ಮಾಡಿಸಿದ್ದೇ ಮಾದಮ್ಮ.

"ಅದ್ನ ತಿನ್ಬ್ಯಾಡ ಕಣವ್ವ," ಅಂದಳು. ಆಮೇಲೆ ಡಾಕ್ಟರ ಕಡೆ ತಿರುಗಿದಳು. "ಕೋಳಿಗೆ ಹಾಕಿದ್ದು ಔಷ್ದಿ ಹಚ್ಚಿದ ಬಿತ್ನೆ ಜೋಳ ಸಾರ್. ತೊಳುದ್ರೆ ಹೋಯ್ತದೆ ಅಂದ್ಕೊಂಡ್ಬುಟ್ಟೆ."

ಡಾಕ್ಟರು ಈ ಸಲ ಬೈಯಲಿಲ್ಲ. ಎಷ್ಟು ದಿನದಿಂದ ಎಂದಷ್ಟೇ ಕೇಳಿದರು. ಹತ್ತು ದಿನ. ಆಲೂರು ಆಸ್ಪತ್ರೆಗೆ ಈಗಲೇ ಹೋಗೋಣ, ಆ ಜೋಳದ ಚೀಲವನ್ನೂ ತನ್ನಿ ಎಂದು ಜೀಪಿನತ್ತ ನಡೆದರು.

ಚೈತ್ರಶ್ರೀ ಸುಲಿದ ಮೊಟ್ಟೆಯನ್ನು ಜಗುಲಿ ಮೇಲಿಟ್ಟಳು. ಒಳಗೆ ಹೋಗಿ ಬಸುರಿ ತಪಾಸಣೆಯ ತಾಯಿ ಕಾರ್ಡು ಹುಡುಕಿ ತಂದಳು. ಜೀಪು ಹತ್ತಿ ಕೂತ ಮೇಲೆ, ಚೀಲ ಅವುಚಿಕೊಂಡು ಕೆಳಗೇ ನಿಂತಿದ್ದ ಅತ್ತೆಯನ್ನು ನೋಡಿದಳು.

"ನೀವೂ ತಿಂದಿದೀರಾ ಅತ್ತೆ?"

"ಇಲ್ಲ ಕಣವ್ವ. ಒಂದೂ ತಿನ್ನಲಿಲ್ಲ. ಎಲ್ಲಾ ನಿಂಗೇ ಅಂತ ಎತ್ತಿಡ್ತಿದ್ದೆ."

ಸೊಸೆ ಕೈಚಾಚಿ ಆ ಚೀಲ ತೆಗೆದುಕೊಂಡು ಕಾಲಬಳಿ ಇಟ್ಟಳು, ಆಚೆ ಸರಿದು ಜಾಗ ಮಾಡಿದಳು.