ರೈಟ್ ಅಂದರೆ

ಬೀಳಗಿಯಿಂದ ಹಳ್ಳಿಗಳ ಮೇಲೆ ಹಾಯ್ದು ಮುಧೋಳಕ್ಕೆ ಹೋಗುವ ಬಸ್ಸು ಹಳ್ಳದ ದಂಡೆಯಲ್ಲಿ ನಿಂತಿತು. ಸೇತುವೆಯ ಮೇಲೆ ರಾಡಿ ನೀರು ಹರಿಯುತ್ತಿತ್ತು. ಸೇತುವೆಯ ಅಂಚು ತೋರಿಸುವ ಬಲಗಡೆಯ ಗೂಟಕಲ್ಲುಗಳು ಹಿಂದಿನ ಮಹಾಪೂರದಲ್ಲೇ ಕೊಚ್ಚಿಹೋಗಿದ್ದವು. ಎಡಗಡೆಯವುಗಳ ಸುಣ್ಣ ಬಳಿದ ತಲೆಗಳಷ್ಟೇ ಕಾಣುತ್ತಿದ್ದವು.

"ಈಗಷ್ಟ ಟೆಂಪೋ ದಾಟಿ ಹೋತಲ್ರಿ. ನೀವ್ಯಾಕ ನಿಂತ್ರಿ?" ಮುಂದಿನ ಸೀಟಿನ ರೇವಪ್ಪ ಎದ್ದು ನಿಂತ. ಅವನ ಮಗಳು ಮುಧೋಳದ ದವಾಖಾನೆಯಲ್ಲಿ ಹೆರಿಗೆಗೆ ಮಲಗಿದ್ದಳು. ರಕ್ತ ಬೇಕಾಗಬಹುದು, ಲಗೂನ ಬಾ ಎಂದು ಅಳಿಯ ಫೋನು ಮಾಡಿದ್ದ.

ಡ್ರೈವರ್ ಚನಮಲ್ಲಪ್ಪ ಕಂಡಕ್ಟರ್ ಪ್ರತಿಮಾಳ ಕಡೆ ತಿರುಗಿದ. ಅವಳು ಕೆಲಸಕ್ಕೆ ಸೇರಿ ಇನ್ನೂ ಒಂದು ಮಳೆಗಾಲ ಕಳೆದಿರಲಿಲ್ಲ.

"ತಂಗಿ, ಎಡಕ ನನಗ ಕಾಣಂಗಿಲ್ಲ. ಬಾಗಲದಾಗ ನಿಂತು ಕಲ್ಲು ನೋಡಕೋತ ರೈಟ್ ಅನಕೋತ ಇರು. ನೀ ಅನ್ನೂತನಕ ಹೋಗ್ತಿರ್ತೇನಿ. ಸುಮ್ಮನಾದ್ರ ನಿಂದರತೇನಿ."

ದಿನಕ್ಕೆ ನೂರಾರು ಸಲ ಅಂದ ಮಾತು. ಟಿಕೆಟ್ ಕೊಡುತ್ತ, ಚಿಲ್ಲರೆ ಹುಡುಕುತ್ತ, ಶೇಂಗಾ ತಿನ್ನುತ್ತ ಅಂದದ್ದು. ಆಗೆಲ್ಲ ಅದು ಬಾಯಿಯ ಕೆಲಸವಾಗಿತ್ತು. ಈಗ ಬಸ್ಸಿನ ತುಂಬ ಮಂದಿ ಅವಳ ಬಾಯಿಯನ್ನೇ ನೋಡುತ್ತಿದ್ದರು.

"ರೈಟ್."

ಬಸ್ಸು ನೀರಿಗಿಳಿಯಿತು.

"ರೈಟ್... ರೈಟ್..."

ಒಂದು ಕಲ್ಲು ಹಿಂದೆ ಸರಿಯಿತು, ಇನ್ನೊಂದು ಬಂತು. ನೀರು ಕೆಳಗಿನ ಮೆಟ್ಟಿಲಿಗೆ ಬಡಿಯಿತು. ಅವಳ ಚಪ್ಪಲಿ ತೊಯ್ದವು. ಬಾಗಿಲ ಪಕ್ಕದ ಸೀಟಿನ ಕೆಂಪವ್ವ ಅವಳ ಅಂಗಿಯ ತುದಿ ಹಿಡಿದುಕೊಂಡಿದ್ದಳು. "ಜ್ವಾರಲೆ ಅನ್ನವಾ, ಅವಗ ಕೇಳಸಬೇಕಲಾ. ನೀರು ಎಷ್ಟ್ ಸಪ್ಪಳ ಮಾಡಾಕತ್ತೈತಿ."

"ರೈಟ್... ರೈಟ್..."

ಮುಂದಿನ ಕಲ್ಲು ಇರಲಿಲ್ಲ.

ಕಲ್ಲು ಇರಬೇಕಾದ ಕಡೆ ನೀರು ಸುತ್ತುತ್ತಿತ್ತು. ಕಲ್ಲು ಮುಳುಗಿದೆಯೋ, ಅದರ ಜೊತೆ ದಾರಿಯೂ ಹೋಗಿದೆಯೋ ತಿಳಿಯಲಿಲ್ಲ. ಕಣ್ಣು ಇಷ್ಟನ್ನೆಲ್ಲ ಕಂಡ ಮೇಲೂ ಬಾಯಿ ಇನ್ನೊಮ್ಮೆ "ರೈಟ್" ಅಂದುಬಿಟ್ಟಿತು. ಬಸ್ಸು ಮುಂದೆ ಸರಿಯಿತು. ಪ್ರತಿಮಾ ನೀರಿಗಿಂತ ತನ್ನ ಬಾಯಿಗೆ ಹೆಚ್ಚು ಹೆದರಿದಳು. ಹಲ್ಲು ಕಚ್ಚಿ ಸುಮ್ಮನಾದಳು.

ಬ್ರೇಕು ಬಿತ್ತು. ನೀರು ಬಸ್ಸಿನ ಪಕ್ಕೆಯನ್ನು ತಳ್ಳುತ್ತಿತ್ತು. ಕೆಂಪವ್ವ ದೇವರ ಹೆಸರು ಹಿಡಿದು ಅಳತೊಡಗಿದಳು.

"ಹಿಂದಕ್ಕ ತಗೀರಿ ಕಾಕಾ."

ಪ್ರತಿಮಾ ಹಿಂದಿನ ಗಾಜಿಗೆ ಓಡಿದಳು. "ಬರ್ಲಿ... ಬರ್ಲಿ..." ಗಾಲಿಗಳು ಬಂದ ದಾರಿಯಲ್ಲೇ ಹಿಂದೆ ಉರುಳಿ ದಂಡೆ ಹತ್ತಿದವು.

ರೇವಪ್ಪ ಅವಳ ಮುಖದೆದುರು ಬಂದು ನಿಂತ. "ಆ ಕಲ್ಲು ಹ್ವಾದ ವರ್ಷನ ಕಬ್ಬಿನ ಟ್ರ್ಯಾಕ್ಟರ್ ಬಡದು ಬಿದ್ದೈತಿ. ನಾ ಕಣ್ಣಾರೆ ನೋಡೇನಿ. ದಾರಿ ಗಟ್ಟಿ ಐತಿ. ಅಲ್ಲಿ ನನ್ನ ಮಗಳು ಸಾಯಾಕತ್ತಾಳ ಬೇ!"

ಚನಮಲ್ಲಪ್ಪ ಎಂಜಿನ್ ಬಂದ್ ಮಾಡಿರಲಿಲ್ಲ. "ಏನಂತಿ ತಂಗಿ?"

ರೇವಪ್ಪ ಸುಳ್ಳು ಹೇಳುತ್ತಿಲ್ಲ ಎಂದು ಅವಳಿಗೆ ಗೊತ್ತಾಗುತ್ತಿತ್ತು.

"ಕಲ್ಲಿನ ಮಾತು ಖರೆ ಇರಬೌದ್ರಿ. ಇವತ್ತ ನೀರಿನ ಕೆಳಗ ಏನೈತಿ ಅನ್ನೂದು ನಾ ನೋಡಿಲ್ಲ. ನೋಡಲಾರದ್ದಕ್ಕ ರೈಟ್ ಅನ್ನಂಗಿಲ್ಲ."

"ರೈಟ್, ರೈಟ್!" ಹಿಂದಿನಿಂದ ಒಬ್ಬ ಕೂಗಿದ.

"ಯಾವನ್ಲೇ ಅಂವಾ?" ಚನಮಲ್ಲಪ್ಪ ಕನ್ನಡಿಯಲ್ಲಿ ನೋಡಿದ. "ಟಿಕೆಟ್ ಕೊಡಾಂವ ನೀನೇನು? ಬಾ, ಬಾಗಲದಾಗ ನಿಂದರ ಬಾ."

ಯಾರೂ ಏಳಲಿಲ್ಲ. ಹೊರಗೆ ಮೊದಲ ಕಲ್ಲಿನ ತಲೆ ಆಗಲೇ ಮುಳುಗಿತ್ತು.

ಬಸ್ಸನ್ನು ತಿರುಗಿಸಿದರು. ಲೋಕಾಪುರದ ಮೇಲೆ ಸುತ್ತಿ ಹೋಗಬೇಕಿತ್ತು. ರೇವಪ್ಪನ ಕೈಯಲ್ಲಿ ಫೋನು ರಿಂಗಾಯಿತು. ಅವನು ಅಳಿಯನ ಹೆಸರು ನೋಡಿದ, ಎತ್ತಲಿಲ್ಲ. ಫೋನು ತಾನಾಗಿಯೇ ನಿಂತಿತು.

ಚನಮಲ್ಲಪ್ಪ ಗೇರು ಹಾಕಿ ಕಾಯುತ್ತಿದ್ದ. ಮುಂದೆ ಒಣ ರಸ್ತೆ. ಎಡಕ್ಕೆ ಕಬ್ಬು, ಬಲಕ್ಕೆ ಕಬ್ಬು. ಪ್ರತಿಮಾ ಬಾಯಿ ತೆರೆದಳು. ನಾಲಿಗೆ ಏಳಲಿಲ್ಲ.

"ಅನ್ನವಾ," ರೇವಪ್ಪ ಅವಳ ಕಡೆ ನೋಡದೆ ಹೇಳಿದ. "ಇಲ್ಲ್ಯರೆ ಅನ್ನು."

ಅವಳು ಬಗ್ಗಿ ರಸ್ತೆ ನೋಡಿದಳು. ಮತ್ತೊಮ್ಮೆ ನೋಡಿದಳು. ಆಮೇಲೆ ಅಂದಳು.